ಡಬ್ಬಿಯ ಮೂಗು ಕಟ್ಟಬಾರದು

ನನ್ನ ಗಂಡ ಹೃಷಿಕೇಶ ಏನು ಕೆಲಸ ಮಾಡುತ್ತಾನೆ ಎಂದು ಮೈಸೂರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಅತ್ತೆ ಸಾವಿತ್ರಮ್ಮ ಮೊದಲು ಕಾಫಿ ಬೇಕಾ ಎಂದು ವಿಚಾರಿಸುತ್ತಾರೆ. ಬಂದವರು ಕಾಫಿ ಕುಡಿದೂ ಅದೇ ಪ್ರಶ್ನೆಗೆ ಮರಳಿದರೆ, "ಜಪಾನಲ್ಲಿ ಒಂದು ಫ್ಯಾನ್ ಕಂಪನಿ" ಎಂದು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಕ್ಯೋಟೋದಲ್ಲಿ ಸೈಕಲ್ ತುಳಿದುಕೊಂಡು ಡಾಕ್ಟರೇಟ್ ಮುಗಿಸಿದ ಮಗ ಕೊನೆಗೆ ಹೋಗಿ ಫ್ಯಾನಿನ ಪಕ್ಕ ನಿಂತನಲ್ಲ ಎಂದು ಅವರಿಗೆ ಒಳಗೊಳಗೇ ಸಂಕಟ. ಮದುವೆಯಾದ ಹೊಸದರಲ್ಲಿ ನನಗೂ ಅಷ್ಟೇ ಗೊತ್ತಿತ್ತು, ಸುಳ್ಳೇಕೆ.

ಅವನದ್ದು ಫ್ಯಾನಲ್ಲ, ಡಬ್ಬಿ. ನಾವಿರುವ ಅಸಾಹಿಕಾವಾ ಹೊಕ್ಕೈಡೊ ದ್ವೀಪದ ನಡುವಿನ ಊರು. ಜನವರಿಯಲ್ಲಿ ಮೈನಸ್ ಇಪ್ಪತ್ತು ಎಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಂಥ ಚಳಿಯಲ್ಲಿ ಕಿಟಕಿ ತೆರೆಯುವ ಹಾಗಿಲ್ಲ, ತೆರೆಯದೆ ಉಸಿರಾಡುವ ಹಾಗೂ ಇಲ್ಲ. ಅದಕ್ಕೇ ನಮ್ಮ ಬಚ್ಚಲುಮನೆಯ ಪಕ್ಕದ ಬೀರುವಿನಲ್ಲಿ ಒಂದು ಗಾಳಿ ಡಬ್ಬಿ ಕೂತಿದೆ. ಒಳಗಿನ ಹಳೆಯ ಗಾಳಿಯನ್ನು ಆಚೆ ಕಳಿಸಿ, ಆಚೆಯ ಹೊಸ ಗಾಳಿಯನ್ನು ಒಳಗೆ ತರುವುದು ಅದರ ಕೆಲಸ. ಡಬ್ಬಿಯೊಳಗೆ ತೆಳು ಕಾಗದದಂಥ ಮಡಿಕೆಗಳಿವೆ. ಎರಡು ಗಾಳಿಗಳೂ ಮಡಿಕೆಯ ಆಚೆ ಈಚೆ ಹಾದುಹೋಗುವಾಗ, ಹೋಗುವ ಗಾಳಿ ತನ್ನ ಬಿಸಿಯನ್ನೂ ತೇವವನ್ನೂ ಬರುವ ಗಾಳಿಗೆ ಒಪ್ಪಿಸಿ ಹೋಗುತ್ತದೆ, ತವರಿಗೆ ಹೊರಟ ಸೊಸೆ ಬೀಗದ ಕೈಯನ್ನು ಅತ್ತೆಗೆ ಕೊಟ್ಟು ಹೋಗುವ ಹಾಗೆ. ಆದರೆ ಚಳಿ ಮಿತಿ ಮೀರಿದಾಗ, ಹೋಗುವ ಗಾಳಿಯಲ್ಲಿ ಉಳಿದ ತೇವ ಆ ಮಡಿಕೆಗಳ ಸಂದಿಯಲ್ಲೇ ಹಿಮವಾಗಿ ಕಟ್ಟಿಕೊಳ್ಳುತ್ತದೆ. ನೆಗಡಿಯಾದವರ ಮೂಗಿನ ಹಾಗೆ ಡಬ್ಬಿ ಕಟ್ಟಿಕೊಂಡರೆ ಗಾಳಿ ನಿಂತೇ ಹೋಗುತ್ತದೆ.

ಉಳಿದವರೆಲ್ಲ ಇದಕ್ಕೆ ಡಬ್ಬಿಯ ಬಾಯಿಗೆ ಒಂದು ಕರೆಂಟ್ ಹೀಟರ್ ಇಟ್ಟು ಕೈ ತೊಳೆದುಕೊಂಡಿದ್ದಾರೆ. ನನ್ನ ಗಂಡನಿಗೆ ಆ ಹೀಟರ್ ಕಂಡರೆ ಮೈಯೆಲ್ಲ ಉರಿ. "ಬಿಸಿ ಉಳಿಸೋಕೆ ಅಂತ ಇಟ್ಟಿರೋ ಡಬ್ಬೀನ ಬಿಸಿ ಮಾಡೋಕೆ ಇನ್ನೊಂದು ಒಲೆ ಯಾಕೆ, ಯಾಮಿನಿ?" ಎಂದು ನನ್ನನ್ನು ಕೇಳುತ್ತಾನೆ, ಹೀಟರ್ ಇಟ್ಟವಳು ನಾನೇ ಎಂಬಂತೆ. ಅವನ ಉಪಾಯ ಬೇರೆ. ಹಿಮ ಕಟ್ಟುವುದಕ್ಕೆ ಸ್ವಲ್ಪ ಮುಂಚೆ ಡಬ್ಬಿ ತಾನೇ ತಿಳಿದುಕೊಂಡು, ಹೊರಗಿನ ಗಾಳಿಯ ಕಿರುಬಾಗಿಲನ್ನು ತಿರುಗಿಸಿ ಮುಚ್ಚಬೇಕು. ಕೆಲವು ನಿಮಿಷ ಮನೆಯ ಬೆಚ್ಚಗಿನ ಗಾಳಿಯನ್ನೇ ತನ್ನೊಳಗೆ ಸುತ್ತಾಡಿಸಿ, ಮೈ ಕಾಯಿಸಿಕೊಂಡು, ಮತ್ತೆ ಬಾಗಿಲು ತೆರೆಯಬೇಕು. ಬೇಗ ತಿರುಗಿದರೆ ಹೊಸ ಗಾಳಿ ಕಡಿಮೆ, ತಡವಾಗಿ ತಿರುಗಿದರೆ ಮೂಗು ಕಟ್ಟುತ್ತದೆ. ಆ ಸರಿಯಾದ ಗಳಿಗೆಯನ್ನು ಹುಡುಕುವುದರಲ್ಲಿ ಅವನ ಮೂರು ಚಳಿಗಾಲ ಕಳೆದಿದ್ದವು.

ಹುಚ್ಚು ಎಂದರೆ ಎಂಥ ಹುಚ್ಚು ಅಂತೀರಿ. ಬೀದಿಯಲ್ಲಿ ನಡೆಯುವಾಗ ಜನ ಅಂಗಡಿ ನೋಡಿದರೆ ಇವನು ಮನೆಗಳ ಹೊರಗೋಡೆಯ ಗಾಳಿಕಿಂಡಿ ನೋಡುತ್ತಾನೆ. ಕಿಂಡಿಯ ಕೆಳಗೆ ಹಿಮದ ಗಡ್ಡ ಇಳಿಬಿದ್ದಿದ್ದರೆ ಚ್ಚು ಚ್ಚು ಎನ್ನುತ್ತಾನೆ. ಊಟಕ್ಕೆ ಕರೆದವರ ಮನೆಯಲ್ಲಿ "ಸುಮಿಮಾಸೆನ್, ಕ್ಷಮಿಸಿ, ನಿಮ್ಮ ಡಬ್ಬಿ ಎಲ್ಲಿದೆ?" ಎಂದು ಕೇಳಿ ಅವರ ಬೀರುವಿನೊಳಗೆ ಟಾರ್ಚ್ ಬಿಡುತ್ತಾನೆ, ನಾನು ಇತ್ತ ಮುಖ ಎಲ್ಲಿಡುವುದು ಎಂದು ಚಡಪಡಿಸುತ್ತೇನೆ. ನಮ್ಮ ಎಂಟು ವರ್ಷದ ಮಗಳು ಶರಣ್ಯಾ ಶಾಲೆಯಲ್ಲಿ ಅಪ್ಪನ ಚಿತ್ರ ಬರೆಯಲು ಹೇಳಿದಾಗ ಬೀರುವಿನಿಂದ ಆಚೆ ಚಾಚಿದ ಎರಡು ಕಾಲು ಬರೆದಿದ್ದಳು. ಟೀಚರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಈ ಸಲ ಕಂಪನಿ ಕಡ್ಡಿ ಮುರಿದ ಹಾಗೆ ಹೇಳಿತು. ಲ್ಯಾಬಿನಲ್ಲಿ ಆಡಿದ್ದು ಸಾಕು, ಸಂಸಾರಸ್ಥರು ಬದುಕುವ ಮನೆಯಲ್ಲಿ ಒಂದು ತಿಂಗಳು ನಡೆಸಿ ತೋರಿಸು. ಒಮ್ಮೆ ಹಿಮ ಕಟ್ಟಿದರೂ ಯೋಜನೆ ಬಂದ್. ಹೃಷಿಕೇಶ ಟೋಕಿಯೊದ ಶಿನಾಗಾವಾ ಕಚೇರಿಗೆ ಹೋಗಿ ಹೀಟರ್ ಇರುವ ಡಬ್ಬಿಗಳನ್ನು ಮಾರುತ್ತ ಕೂರಬೇಕು. ಬೇರೆ ಯಾರ ಮನೆ ಸಿಗುತ್ತದೆ, ನಮ್ಮ ಮನೆಗೇ ಬಂತು ಡಬ್ಬಿ. ಅವನ ಮೇಲಧಿಕಾರಿ ಒನೊದೆರಾ ಸಾನ್ ಬಂದು ಅದಕ್ಕೆ ಮೀಟರುಗಳನ್ನು ಸಿಕ್ಕಿಸಿ, ನನಗೆ ಬಗ್ಗಿ ನಮಸ್ಕರಿಸಿ, "ದಯವಿಟ್ಟು ಎಂದಿನಂತೆ ಬದುಕಿ" ಎಂದು ಹೇಳಿ ಹೋದರು. ಅವರು ನಗುವುದನ್ನು ಕಂಪನಿಯಲ್ಲಿ ಯಾರೂ ಕಂಡಿಲ್ಲವಂತೆ.

ಡಿಸೆಂಬರಿನಲ್ಲಿ, ಅದೇ ಸಮಯಕ್ಕೆ ಸರಿಯಾಗಿ, ಅತ್ತೆ ಮೈಸೂರಿನಿಂದ ಬಂದಿಳಿದರು. ಬಂದ ವಾರದಲ್ಲೇ ಧನುರ್ಮಾಸ ಶುರು. ಧನುರ್ಮಾಸವೆಂದರೆ ಅತ್ತೆಗೆ ಬೆಳಗು ಹರಿಯುವ ಮುಂಚೆ ಪೂಜೆ, ಹೆಸರುಬೇಳೆ ಹುಗ್ಗಿಯ ನೈವೇದ್ಯ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ನಾನಂತೂ ಮೆಣಸು, ಜೀರಿಗೆ, ತುಪ್ಪ, ಇಂಗು ಎಲ್ಲ ಸಾಲಾಗಿ ಜೋಡಿಸಿ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದೆ.

ಅತ್ತೆ ದೇವರ ಮುಂದಿನಿಂದ ಎದ್ದು ಬಂದು ಹೇಳಿದರು, "ಈ ಸಲ ನಂದೊಂದು ವ್ರತ ಕಣೆ, ಯಾಮಿನಿ. ಸಂಕ್ರಾಂತಿ ತನಕ ಮನೇಲಿ ಏನನ್ನೂ ಬೇಯಿಸೋ ಹಾಗಿಲ್ಲ. ನೆನೆಸಿದ್ದು, ಕಲಸಿದ್ದು, ಹಣ್ಣು, ಮೊಸರು. ಅಷ್ಟೇ."

"ಯಾವ ವ್ರತ ಅತ್ತೆ ಇದು? ನಾನು ಕೇಳೇ ಇಲ್ವಲ್ಲ."

"ನೀನು ಕೇಳದೆ ಇರೋ ವ್ರತಗಳು ಬೇಕಾದಷ್ಟಿವೆ."

ಮುಗಿಯಿತು. ಕುಕ್ಕರ್ ಅಟ್ಟ ಸೇರಿತು, ಇಡ್ಲಿ ಪಾತ್ರೆ ಅದರ ಹಿಂದೆ ಹೋಯಿತು. ವ್ರತದ ಮನೆಯಲ್ಲಿ ಒದ್ದೆ ಬಟ್ಟೆ ನೇತಾಡಬಾರದಂತೆ, ಹಾಗಾಗಿ ನಾನು ಹಿಮದಲ್ಲಿ ಜಾರುತ್ತ ಬಟ್ಟೆ ಮೂಟೆ ಹೊತ್ತು ಕಾಯಿನ್ ಲಾಂಡ್ರಿಗೆ ನಡೆದೆ. ಸ್ನಾನದ ತೊಟ್ಟಿ ತುಂಬಿಸುವಂತಿಲ್ಲ, ಉಗುರು ಬೆಚ್ಚಗಿನ ನೀರು ಎರಡು ತಂಬಿಗೆ ಸುರಿದುಕೊಂಡು ಏಳಬೇಕು. ಗಂಡನಿಗೆ ಆಫೀಸಿನ ಕ್ಯಾಂಟೀನು, ಮಗಳಿಗೆ ಶಾಲೆಯ ಬಿಸಿಯೂಟ. ಮನೆಯಲ್ಲಿ ಅವಲಕ್ಕಿ ಮೊಸರು ಕಲಸಿಕೊಂಡು ತಿಂದವಳು ನಾನೊಬ್ಬಳೇ. ಅತ್ತೆಯೂ ತಿಂದರು, ಅವರದ್ದಾದರೋ ಪುಣ್ಯದ ಲೆಕ್ಕಕ್ಕೆ ಹೋಯಿತು. ನಾನು ಹಾಲು ತರುವ ನೆಪದಲ್ಲಿ ಬೀದಿ ಕೊನೆಯ ಕೊಂಬಿನಿ ಅಂಗಡಿಗೆ ಓಡಿ, ಬಿಸಿ ಕಾರ್ನ್ ಸೂಪಿನ ಡಬ್ಬ ಕೊಂಡು, ಅಂಗಡಿಯ ಹಿಂದೆ ಹಿಮದ ಗುಡ್ಡೆಯ ಮರೆಯಲ್ಲಿ ನಿಂತು ಕುಡಿಯುತ್ತಿದ್ದೆ. ಅದರಿಂದ ಏಳುವ ಹಬೆಗೆ ಮುಖ ಒಡ್ಡಿ ನಿಲ್ಲುವುದೇ ನನ್ನ ಹಬ್ಬವಾಗಿತ್ತು.

ಮನೆ ಒಣಗಿ ಒಣಗಿ ಹಪ್ಪಳವಾಯಿತು. ತುಟಿ ಒಡೆಯಿತು, ಹಿಮ್ಮಡಿ ಒಡೆಯಿತು. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್, ಉಣ್ಣೆ ಬಟ್ಟೆ ತೆಗೆದರೆ ಚಟಪಟ. ಶರಣ್ಯಾಳ ಕೂದಲು ನೆಟ್ಟಗೆ ನಿಂತು ಇಳಿಯಲೊಲ್ಲದು, ಅವಳು ಅಜ್ಜಿಯ ಮೂಗಿಗೆ ಬೆರಳು ತಾಗಿಸಿ ಶಾಕ್ ಕೊಟ್ಟು ಉರುಳಾಡಿ ನಗುವಳು. ಒಂದು ದಿನ ನಾನು ಕೋಪದಲ್ಲಿ ಗಂಡನ ತೋಳು ಹಿಡಿದು ಎಳೆದಾಗ ಇಬ್ಬರಿಗೂ ಎಂಥ ಏಟು ಬಿತ್ತೆಂದರೆ ಜಗಳದ ವಿಷಯವೇ ಮರೆತುಹೋಯಿತು. ಅವನಿಗೆ ಇದಾವುದೂ ತಲೆಗೆ ಹತ್ತಲಿಲ್ಲ. ಡಬ್ಬಿಯ ಮುಂದೆ ಕೂತು, "ಒಂದು ಚೂರೂ ಹಿಮ ಇಲ್ಲ ಕಣೆ, ಒಂದು ಚೂರೂ ಇಲ್ಲ" ಎಂದು ಕುಣಿಯುತ್ತಿದ್ದ. ಅವನ ಕುಣಿತ ನೋಡಿ ನನ್ನ ಹೊಟ್ಟೆಯ ಉರಿಯೂ ತಣ್ಣಗಾಗುತ್ತಿತ್ತು, ಅದೇ ನನ್ನ ದೌರ್ಬಲ್ಯ.

ಧನುರ್ಮಾಸ ಮುಗಿಯಲು ಇನ್ನು ಎರಡು ದಿನವಿರುವಾಗ ಒನೊದೆರಾ ಸಾನ್ ಬಂದರು. ಬಾಗಿಲ ಹಿಡಿ ಅವರಿಗೂ ಚಟ್ ಎಂದಿತು. ಅವರು ಏನೂ ಆಗದವರಂತೆ ಒಳಬಂದು, ನಾನು ಕೊಟ್ಟ ತಣ್ಣೀರು ಕುಡಿದು, ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಹೃಷಿಕೇಶ ಸಾನ್, ಈ ಮನೆಯಲ್ಲಿ ಯಾರೂ ವಾಸವಾಗಿಲ್ಲ."

ಹೃಷಿಕೇಶ ಟ್ಯಾಬ್ಲೆಟ್ಟಿನತ್ತ ಬಗ್ಗಿದ.

ಅವರು ಬಿಡಿಸಿ ಹೇಳಿದರು. ಜನ ಇರುವ ಮನೆಯ ಗಾಳಿಯಲ್ಲಿ ಅಡುಗೆಯ ಹಬೆ, ಸ್ನಾನದ ಹಬೆ, ಒದ್ದೆ ಬಟ್ಟೆಯ ತೇವ ಇರುತ್ತದೆ. ಇಲ್ಲಿನ ಗೆರೆ ಖಾಲಿ ಮನೆಯ ಗೆರೆ. ತೇವವೇ ಇಲ್ಲದ ಗಾಳಿಯಿಂದ ಯಾವ ಡಬ್ಬಿಯಲ್ಲೂ ಹಿಮ ಕಟ್ಟುವುದಿಲ್ಲ. ಹಾಗಾಗಿ ಈ ಒಂದು ತಿಂಗಳ ಪರೀಕ್ಷೆ ಪರೀಕ್ಷೆಯೇ ಅಲ್ಲ.

"ಇಲ್ಲ, ನಾವು ಎಂದಿನ ಹಾಗೇ ಇದ್ದೀವಿ" ಎಂದ ನನ್ನ ಗಂಡ.

ನನ್ನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. "ಎಂದಿನ ಹಾಗಾ? ಹೃಷಿ, ನೀನು ಯಾವ ಮನೇಲಿದ್ದೀಯಪ್ಪಾ? ಒಂದು ತಿಂಗಳಿಂದ ಈ ಮನೇಲಿ ಒಂದು ಲೋಟ ನೀರು ಕುದಿದಿಲ್ಲ. ನಿಮ್ಮಮ್ಮನ ವ್ರತ."

ದೇವರ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತು. ಅವರಿಗೆ ಜಪಾನೀ ಮಾತು ಬರುವುದಿಲ್ಲ, ಆದರೆ ಮಗನ ಮುಖ ಓದಲು ಭಾಷೆ ಬೇಕಿರಲಿಲ್ಲ.

"ನಾನೇ ಕಣೋ ಮಾಡಿದ್ದು" ಎಂದರು. "ಬಂದ ದಿನ ನೀನು ಯಾಮಿನಿ ಹತ್ರ ಹೇಳ್ತಿದ್ದೆಯಲ್ಲ, ಡಬ್ಬೀಲಿ ಹಿಮ ಕಟ್ಟಿದರೆ ಎಲ್ಲ ಮುಗೀತು ಅಂತ. ಹಿಮ ಎಲ್ಲಿಂದ ಬರುತ್ತೆ ಅಂತ ಈ ಮಗೂನ ಕೇಳಿದೆ. 'ಯುಗೆ, ಅಜ್ಜಿ, ಸ್ಟೀಮ್' ಅಂದಳು. ಹಬೆಯಿಂದ ತಾನೆ ಕೆಡೋದು, ಹಬೆಯೇ ಬೇಡ ಅಂದುಕೊಂಡೆ. ದೇವರಿಗೂ ಹೇಳಿದೆ, ಈ ವರ್ಷ ನಿನ್ನ ಹುಗ್ಗಿ ಬಿಟ್ಟುಬಿಡು, ನನ್ನ ಮಗನ ಕೆಲಸ ಉಳಿಸು ಅಂತ."

ನನ್ನ ಒಡೆದ ತುಟಿಯ ಮೇಲೆ ನನಗೇ ನಾಚಿಕೆಯಾಯಿತು. ನಲವತ್ತು ವರ್ಷ ಬಿಡದ ಹುಗ್ಗಿಯನ್ನು ಆ ಹೆಂಗಸು ಬಿಟ್ಟಿದ್ದರು, ನಾನು ಸೂಪು ಕದ್ದು ಕುಡಿದು ಅವರನ್ನು ಬೈದುಕೊಂಡಿದ್ದೆ.

ಹೃಷಿಕೇಶ ಅಮ್ಮನ ಎದುರು ನೆಲದ ಮೇಲೆ ಕೂತ. "ಅಮ್ಮಾ, ಹಬೆ ಇದ್ದರೂ ಹಿಮ ಕಟ್ಟಬಾರದು ಅಂತಾನೆ ಅಲ್ವಾ ನಾನು ಈ ಡಬ್ಬಿ ಮಾಡಿದ್ದು? ಇದರ ಮೇಲೆ ನಿನಗೆ ನಂಬಿಕೆ ಇಲ್ವಾ?"

"ದೇವರ ಮೇಲಿತ್ತು" ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. "ಡಬ್ಬಿ ಮೇಲೆ ಇರಲಿಲ್ಲ ಕಣಪ್ಪ. ಸುಳ್ಳು ಯಾಕೆ ಹೇಳಲಿ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ನನ್ನ ಗಂಡ ನಗಲು ಶುರು ಮಾಡಿದ. ಅವನು ನಕ್ಕಿದ್ದಕ್ಕೆ ಶರಣ್ಯಾ ನಕ್ಕಳು, ನಾನೂ ನಕ್ಕೆ, ಅತ್ತೆ ಅಳುತ್ತಲೇ ನಕ್ಕರು. ನಡುವೆ ಒನೊದೆರಾ ಸಾನ್ ಮಂಡಿಯೂರಿ ಕೂತು, ಯಾರಾದರೂ ತಮಗೂ ವಿಷಯ ತಿಳಿಸಿಯಾರೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಹೃಷಿಕೇಶ ತಿಳಿಸಿದ. ಅವರು ಕೇಳಿ ಕಣ್ಣು ಮುಚ್ಚಿದರು. ಆಮೇಲೆ ಹೇಳಿದರು, ನಾಡಿದ್ದು ಬೆಳಿಗ್ಗೆ ಈ ಚಳಿಗಾಲದಲ್ಲೇ ಅತಿ ಕೆಟ್ಟ ಚಳಿ ಬರಲಿದೆ. ಆ ಒಂದು ದಿನ ಈ ಮನೆ ನಿಜವಾಗಿ ಬದುಕಲಿ. ಹಿಮ ಕಟ್ಟದಿದ್ದರೆ ನಾನು ಸಹಿ ಹಾಕುತ್ತೇನೆ, ಕಟ್ಟಿದರೆ ಕ್ಷಮಿಸಬೇಕು.

ನಾಡಿದ್ದು ಎಂದರೆ ಧನುರ್ಮಾಸದ ಕೊನೆಯ ದಿನ. ಅತ್ತೆ ಒಲೆಯ ಹತ್ತಿರ ಸುಳಿಯಲೂ ಒಪ್ಪಲಿಲ್ಲ. "ನನ್ನ ಕೈಯಾರೆ ನಿನ್ನ ಕೆಲಸ ಕೆಡಿಸಲಾ?" ಎಂದರು.

"ಅಮ್ಮಾ, ನೀನು ಹುಗ್ಗಿ ಮಾಡಿದ್ದಕ್ಕೆ ನಿಂತುಹೋಗೋ ಡಬ್ಬಿ ಆದರೆ ಅದು ಯಾರಿಗೂ ಬೇಡ. ನಾನೇ ಎತ್ತಿ ಎಸೀತೀನಿ. ಮಾಡು."

ಧನುರ್ಮಾಸದಲ್ಲಿ ಒಂದೇ ಒಂದು ದಿನ ಹುಗ್ಗಿಯ ನೈವೇದ್ಯವಾದರೂ ಸಾವಿರ ವರ್ಷದ ಪೂಜೆಯ ಫಲ ಎಂದು ಹೇಳಿಕೊಟ್ಟವರು ಅವರೇ. ಅದನ್ನು ನಾನು ಅವರಿಗೇ ನೆನಪಿಸಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, ಸೆರಗು ಸಿಕ್ಕಿಸಿಕೊಂಡು, ಕುಕ್ಕರ್ ಇಳಿಸು ಎಂದರು.

ಆ ಬೆಳಗಿನ ಸಂಭ್ರಮ ಏನು ಹೇಳಲಿ. ಹಿಂದಿನ ಸಂಜೆಯೇ ಸಪ್ಪೊರೊ ವಿಶ್ವವಿದ್ಯಾಲಯದಿಂದ ನಾಲ್ವರು ಕನ್ನಡದ ಹುಡುಗರು ರೈಲು ಹತ್ತಿ ಬಂದಿದ್ದರು. ಸಂಶೋಧಕರು, ಊಟವೆಂದರೆ ಹಿಮ ಲೆಕ್ಕಿಸುವವರಲ್ಲ. ನೀವು ಬರಬೇಕಾದ್ದು ತಿನ್ನಲು ಮತ್ತು ಉಸಿರಾಡಲು ಎಂದು ಹೃಷಿಕೇಶ ಫೋನಿನಲ್ಲಿ ಹೇಳಿದ್ದ. ಅವರಲ್ಲಿ ಧೀರಜ್ ಎಂಬವನು ಬಂದವನೇ ತೊಟ್ಟಿ ತುಂಬ ಬಿಸಿನೀರು ಬಿಟ್ಟುಕೊಂಡು ಇಳಿದ, ಬೆಳಿಗ್ಗೆ ಎದ್ದು ಮತ್ತೊಮ್ಮೆ ಇಳಿದ. ನಾನು ಸೀರೆ, ಟವೆಲು, ಹೊದಿಕೆ ಎಲ್ಲ ಒಗೆದು ಹಾಲಿನ ಉದ್ದಕ್ಕೂ ಹರಡಿದೆ. ಎರಡು ಕುಕ್ಕರ್ ಸರದಿಯಲ್ಲಿ ಕೂಗಿದವು, ಇಡ್ಲಿ ಬೆಂದಿತು, ಸಾರು ಕುದಿಯಿತು. ಒಲೆಯ ಮೇಲಿನ ಫ್ಯಾನ್ ಹಾಕಲು ಅತ್ತೆ ಬಿಡಲಿಲ್ಲ, ನೈವೇದ್ಯದ ಘಮ ದೇವರಿಗೆ ತಲುಪದೆ ಬೀದಿಗೆ ಹೋಗುತ್ತದಂತೆ. ಕಿಟಕಿ ಗಾಜಿನಲ್ಲಿ ನೀರು ಇಳಿಯತೊಡಗಿತು. ಶರಣ್ಯಾ ಅದರ ಮೇಲೆ ಬೆರಳಿನಲ್ಲಿ ತನ್ನ ಹೆಸರು ಬರೆದು, ಬಾಗಿಲ ಹಿಡಿ ಮುಟ್ಟಿ ನೋಡಿದಳು. ಶಾಕ್ ಹೊಡೆಯಲಿಲ್ಲ.

ಹೊರಗೆ ಮೈನಸ್ ಇಪ್ಪತ್ತನಾಲ್ಕು. ಒನೊದೆರಾ ಸಾನ್ ಮುಂದಿನ ಕೋಣೆಯಲ್ಲಿ ಮೀಟರ್ ಹಿಡಿದು ಕೂತಿದ್ದರು. ಗಾಳಿ ಡಬ್ಬಿಯನ್ನು ದಾಟಲು ಎಷ್ಟು ಕಷ್ಟಪಡುತ್ತಿದೆ ಎಂದು ಅದು ತೋರಿಸುತ್ತದೆ. ಮುಳ್ಳು ಕೆಂಪು ಗೆರೆ ದಾಟಿದರೆ ಮೂಗು ಕಟ್ಟಿತೆಂದು ಅರ್ಥ. ಮುಳ್ಳು ಏರಲು ಶುರುವಾಯಿತು. ಹುಡುಗರು ಇಡ್ಲಿ ತಟ್ಟೆ ಹಿಡಿದು ಸುತ್ತ ನಿಂತರು. ಇನ್ನಷ್ಟು ಏರಿತು. ಹೃಷಿಕೇಶ ಮೀಟರಿಗೆ ಬೆನ್ನು ಹಾಕಿ, ಹೊಸ ಗಾಳಿ ಬರುವ ಕಿಂಡಿಯ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ. ನನಗೆ ಶಿನಾಗಾವಾದ ಗಾಜಿನ ಕಟ್ಟಡ, ಅದರಲ್ಲಿ ಟೈ ಕಟ್ಟಿಕೊಂಡು ಹೀಟರ್ ಹೊಗಳುತ್ತಿರುವ ನನ್ನ ಗಂಡ, ಎಲ್ಲ ಕಣ್ಣ ಮುಂದೆ ಬಂತು.

ಅಡುಗೆಮನೆಯಲ್ಲಿ ಅತ್ತೆ ತುಪ್ಪ ಕಾಯಿಸಿ, ಮೆಣಸು ಜೀರಿಗೆ ಸಿಡಿಸಿ, ಇಂಗು ಹಾಕಿ ಹುಗ್ಗಿಗೆ ಸುರಿದರು. ಚೊಂಯ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಮುಳ್ಳು ಕೆಂಪು ಗೆರೆಯ ಪಕ್ಕದಲ್ಲೇ ಇತ್ತು.

ಹೃಷಿಕೇಶನ ಮೂಗು ಅರಳಿತು.

"ಬಂತು" ಎಂದ. "ಅಮ್ಮಾ, ಇಂಗು ಬಂತು."

ಮರುಕ್ಷಣ ನನಗೂ ಬಂತು. ಇಷ್ಟು ಹೊತ್ತು ಒಣ ಹಿಮದ ವಾಸನೆ ಬರುತ್ತಿದ್ದ ಆ ಕಿಂಡಿಯಿಂದ ತುಪ್ಪ, ಮೆಣಸು, ಇಂಗಿನ ಬೆಚ್ಚನೆಯ ಗಾಳಿ ನಮ್ಮೆಲ್ಲರ ನೆತ್ತಿಯ ಮೇಲೆ ಇಳಿಯಿತು. ಹೊರಗಿನ ಕಿರುಬಾಗಿಲು ತಾನಾಗಿ ಮುಚ್ಚಿಕೊಂಡು, ಅಡುಗೆಮನೆಯ ಗಾಳಿ ಡಬ್ಬಿಯೊಳಗೆ ಸುತ್ತತೊಡಗಿತ್ತು. ಮುಳ್ಳು ನಿಂತಿತು, ನಡುಗಿತು, ನಿಧಾನವಾಗಿ ಇಳಿಯಿತು. ಹುಡುಗರು ಕುಣಿದರು. ತೊಟ್ಟಿಯಿಂದ ಟವೆಲು ಸುತ್ತಿಕೊಂಡು ಓಡಿಬಂದ ಧೀರಜ್ ಏನಾಯಿತೆಂದು ಗೊತ್ತಿಲ್ಲದೆಯೇ ಕುಣಿದ. ಅತ್ತೆ ಸೌಟು ಹಿಡಿದೇ ಬಾಗಿಲಲ್ಲಿ ನಿಂತು, ಕಿಂಡಿಯನ್ನೂ ಮಗನನ್ನೂ ಬದಲಿಸಿ ಬದಲಿಸಿ ನೋಡಿದರು. ನಾನು ಅವರನ್ನು ಹಿಡಿದುಕೊಂಡು ಅತ್ತುಬಿಟ್ಟೆ.

ಅಂದು ಇಡೀ ದಿನ ಹಾಗೇ ನಡೆಯಿತು. ಮುಳ್ಳು ಏರುವುದು, ಮನೆ ತುಂಬ ಇಂಗಿನ ಘಮ, ಮುಳ್ಳು ಇಳಿಯುವುದು. ಸಂಜೆಯ ಹೊತ್ತಿಗೆ ಅತ್ತೆ ಮೀಟರ್ ನೋಡದೆಯೇ "ಈಗ ತಿರುಗುತ್ತೆ ನೋಡಿ" ಎನ್ನುತ್ತಿದ್ದರು. ಒನೊದೆರಾ ಸಾನ್ ಎರಡು ಸಲ ಹುಗ್ಗಿ ಹಾಕಿಸಿಕೊಂಡು ತಿಂದು, ಕೊನೆಗೆ ಡಬ್ಬಿ ಬಿಚ್ಚಿ, ಮಡಿಕೆಗಳ ಗೂಡನ್ನು ಆಚೆ ಎಳೆದು ಟಾರ್ಚ್ ಬಿಟ್ಟರು. ಒಂದು ಕಾಳು ಹಿಮವಿರಲಿಲ್ಲ. ಅವರು ಅದನ್ನು ಮೂಗಿನ ಹತ್ತಿರ ತಂದರು. ಕಂಪನಿಯಲ್ಲಿ ಯಾರೂ ಕಾಣದ ನಗೆಯನ್ನು ನಾನು ಅಸಾಹಿಕಾವಾದ ನನ್ನ ಬಚ್ಚಲುಮನೆಯ ಬಾಗಿಲಲ್ಲಿ ಕಂಡೆ. ವರದಿಯಲ್ಲಿ ಅವರು ಬರೆದದ್ದು ಎರಡೇ ಮಾತು: ಹಿಮ ಇಲ್ಲ, ವಾಸನೆ ಇದೆ.

ಶಿನಾಗಾವಾಕ್ಕೆ ಹೋಗಬೇಕಿದ್ದ ನನ್ನ ಗಂಡನ ಬದಲು ಆ ಡಬ್ಬಿ ಹೋಯಿತು, ಕಚೇರಿಯ ಪ್ರದರ್ಶನಕ್ಕೆ. ಮಾರ್ಚಿನಲ್ಲಿ ಅತ್ತೆಯನ್ನು ವಿಮಾನ ಹತ್ತಿಸಲು ಟೋಕಿಯೊಗೆ ಬಂದಾಗ ನಾವು ಅಲ್ಲಿಗೂ ಹೋದೆವು. ಗಾಜಿನ ಮೇಜಿನ ಮೇಲೆ ದೀಪದ ಬೆಳಕಿನಲ್ಲಿ ಅದು ಕೂತಿತ್ತು, ಮುಚ್ಚಳ ತೆಗೆದು, ಒಳಗಿನ ಮಡಿಕೆಗಳು ಕಾಣುವಂತೆ. ಅತ್ತೆ ಸೆರಗು ಹೊದ್ದುಕೊಂಡು ನೇರ ಹತ್ತಿರ ಹೋಗಿ, ಬಗ್ಗಿ, ಮಡಿಕೆಗಳಿಗೆ ಮೂಗು ಇಟ್ಟು ಮೂಸಿದರು. "ಮೆಣಸು ಸ್ವಲ್ಪ ಜಾಸ್ತಿ ಆಗಿತ್ತು ಅವತ್ತು" ಎಂದರು.

ಸಮವಸ್ತ್ರದ ಹುಡುಗಿಯೊಬ್ಬಳು ಗಾಬರಿಯಿಂದ ಓಡಿಬಂದಳು. ನನ್ನ ಗಂಡ ಕೆಂಪಗಾಗಿ, ಸುಮಿಮಾಸೆನ್ ಎನ್ನಲು ಬಾಯಿ ತೆರೆದ. ಅತ್ತೆ ಕೈ ಎತ್ತಿ ಅವನನ್ನು ತಡೆದರು. ಮೂರು ತಿಂಗಳಲ್ಲಿ ಮೊಮ್ಮಗಳಿಂದ ಕಲಿತ ಜಪಾನೀ ಮಾತುಗಳಲ್ಲಿ ಬೇಕಾದ್ದನ್ನು ಆರಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು, ಆಮೇಲೆ ಆ ಕೈಯನ್ನು ಡಬ್ಬಿಯ ಕಡೆ ಚಾಚಿ, ಕಚೇರಿಗೆಲ್ಲ ಕೇಳುವಂತೆ ಹೇಳಿದರು, "ವತಾಶಿ ನೊ ಮುಸುಕೊ."

ನನ್ನ ಮಗ.

ಆ ಹುಡುಗಿ ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ಡಬ್ಬಿಯನ್ನು ನೋಡಿದಳು, ಎರಡೂ ಕೈಗಳನ್ನು ಜೋಡಿಸಿಟ್ಟು ಡಬ್ಬಿಗೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದಳು.